ಶೆಟ್ಟಿಹಳ್ಳಿಯಿಂದ ಕರಾವಳಿವರೆಗೆ: ಪಾಳು ಕಟ್ಟಡದ ವಯಸ್ಸು ಓದುವುದು ಹೇಗೆ, ಒಳಗೆ ಕಾಲಿಡುವ ಮುನ್ನ ಏನು ನೋಡಬೇಕು?

ಘಟ್ಟದಹಾದಿ

ಡಿಸೆಂಬರ್ ಕೊನೆಗೆ ಹಾಸನ, ಶೆಟ್ಟಿಹಳ್ಳಿ, ಸಕಲೇಶಪುರ, ಮಂಗಳೂರು ಹೀಗೆ ನಾಲ್ಕು ದಿನದ ಓಡಾಟವಿದೆ. ದಾರಿಯಲ್ಲಿ ಸಿಗುವ ಹಳೇ ಬಂಗಲೆ, ಹೆಂಚಿನ ಗೋದಾಮು, ಬಿದ್ದ ತೊಟ್ಟಿಮನೆಗಳನ್ನು ನಿಂತು ನೋಡುವುದೇ ಉದ್ದೇಶ. ಮೂರು ಪ್ರಶ್ನೆ. ಒಂದು, ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಇಗರ್ಜಿ (ಹಳೇ ಚರ್ಚು) ನೀರಿನಿಂದ ಹೊರಗಿದೆಯೋ ಇಲ್ಲವೋ ಎಂದು ಹೊರಡುವ ಮೊದಲೇ ತಿಳಿಯುವುದು ಹೇಗೆ? ಎರಡು, ಫಲಕವೂ ಶಾಸನವೂ ಇಲ್ಲದ ಕಟ್ಟಡದ ಕಾಲವನ್ನು ಅಂದಾಜು ಮಾಡುವುದು ಹೇಗೆ? ಮೂರು, ಯಾವ ಗುರುತು ಕಂಡರೆ ಒಳಗೆ ಹೋಗದೆ ವಾಪಸಾಗಬೇಕು? "ಟಿಪ್ಪು ಕಾಲದ್ದು" ಎಂಬ ಸಿದ್ಧ ಉತ್ತರ ಮಾತ್ರ ಬೇಡ, ಪ್ರತಿ ಊರಲ್ಲೂ ಅದು ಸಿಗುತ್ತದೆ.

ಮುಳುಗಡೆಸೀಮೆ

ಮೊದಲ ಪ್ರಶ್ನೆಗೆ. ಶೆಟ್ಟಿಹಳ್ಳಿ ಇರುವುದು ಹೇಮಾವತಿ ಹಿನ್ನೀರಿನಲ್ಲಿ, ಹಾಸನದಿಂದ ಸುಮಾರು 20 ಕಿ.ಮೀ. ಆ ನದಿಯ ಗೊರೂರು ಅಣೆಕಟ್ಟೆಯ ಪೂರ್ಣ ಮಟ್ಟ 2,922 ಅಡಿ. ಆ ದಿನದ ಮಟ್ಟ ದಿನಪತ್ರಿಕೆಗಳಲ್ಲಿ ಬರುತ್ತದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲತಾಣದಲ್ಲೂ ಸಿಗುತ್ತದೆ. ಆದರೆ ಬರಿಯ ಸಂಖ್ಯೆಯಿಂದ ಗೋಡೆ ಕಣ್ಣಿಗೆ ಕಾಣುವುದಿಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತ, ಸುಮಾರು 5 ದಿನಕ್ಕೊಮ್ಮೆ ಹೊಸದು ಬರುತ್ತದೆ. ಚಿತ್ರದ ಒಂದು ಚುಕ್ಕೆಗೆ ನೆಲದ 10 ಮೀಟರ್ ಲೆಕ್ಕ. ಕಟ್ಟಡದ ಅಂದ ಕಾಣದು, ಆದರೆ ನೀರಿನ ಅಂಚು ಇಗರ್ಜಿಯ ಯಾವ ಮಗ್ಗುಲಲ್ಲಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಮಳೆಗಾಲದಲ್ಲಿ ಮಾತ್ರ ಮೋಡದಿಂದಾಗಿ ಉಪಯೋಗವಿಲ್ಲ.

ಡಿಸೆಂಬರ್ ಎಂದರೆ ಎರಡು ಮನಸ್ಸಿನ ತಿಂಗಳು. ಮಳೆ ಚೆನ್ನಾಗಿ ಬಿದ್ದ ವರ್ಷ ಬುಡದಲ್ಲಿ ಇನ್ನೂ ನೀರಿರಬಹುದು. ನೀರು ಆಗಷ್ಟೇ ಹಿಂದೆ ಸರಿದ ಜಾಗ ಅದಕ್ಕಿಂತ ಕೆಟ್ಟದ್ದು. ಹೂಳಿನ ಮೇಲ್ಪದರ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲದಂತೆ ತೋರುತ್ತದೆ, ಕೆಳಗೆ ಮಾತ್ರ ಅಂಬಲಿ. ಮೊಣಕಾಲುದ್ದ ಹೂತರೆ ಒಬ್ಬರೇ ಹೊರಬರುವುದು ಕಷ್ಟ. ಐದಡಿ ಕೋಲು ಹಿಡಿದು ಮುಂದೆ ಚುಚ್ಚುತ್ತಾ ನಡೆಯಿರಿ. ಹಸು ಎಮ್ಮೆ ನಡೆದ ಜಾಡು ಇದ್ದರೆ ಅದೇ ರಾಜಮಾರ್ಗ. ಕಾರನ್ನು ಹಿನ್ನೀರಿನ ಬಯಲಿಗೆ ಇಳಿಸಲೇಬೇಡಿ.

ಇದೇ ವಿಧಾನ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಗೂ ನಡೆಯುತ್ತದೆ. ಅಲ್ಲಿ ಪೂರ್ಣ ಮಟ್ಟ 1,819 ಅಡಿ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಅಣೆಕಟ್ಟಿನೊಳಗೆ ಮುಳುಗಿದ ಅಣೆಕಟ್ಟು.

ಗಾರೆಮೇಸ್ತ್ರಿ

ಶೆಟ್ಟಿಹಳ್ಳಿಯದು ಬೇರೆಯೇ ಬಗೆಯ ಸವೆತ, ಅದನ್ನು ತಿಳಿದು ಹೋದರೆ ನೋಡುವುದೂ ಬೇರೆಯಾಗುತ್ತದೆ. ಫ್ರೆಂಚ್ ಪಾದ್ರಿಗಳು 1860ರ ಹೊತ್ತಿಗೆ ಕಟ್ಟಿಸಿದ್ದು ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ಇಟ್ಟಿಗೆ, ಸುಣ್ಣದ ಗಾರೆ, ಚೂಪು ಕಮಾನು. ಮೇಲ್ಛಾವಣಿ ಇಲ್ಲ. ಮಾಡು ಇಲ್ಲದ ಗೋಡೆಗೆ ತಲೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಎತ್ತರದ ಗೋಡೆ ಒಂಟಿಯಾಗಿ ಗಾಳಿಗೆ ನಿಂತಿರುತ್ತದೆ.

ವರ್ಷಕ್ಕೊಮ್ಮೆ ಗೋಡೆ ತಿಂಗಳುಗಟ್ಟಲೆ ನೆನೆಯುತ್ತದೆ, ಮತ್ತೆ ಒಣಗುತ್ತದೆ. ನೆನೆದಾಗ ಗಾರೆಯೊಳಗಿನ ಸುಣ್ಣ ಸ್ವಲ್ಪ ಸ್ವಲ್ಪವೇ ಕರಗಿ ಹೋಗುತ್ತದೆ. ಒಣಗುವಾಗ ನೀರಿನಲ್ಲಿದ್ದ ಉಪ್ಪಿನಂಶ ಇಟ್ಟಿಗೆಯ ಮೇಲ್ಮೈಯ ಹಿಂದೆ ಹರಳುಗಟ್ಟಿ, ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಾಗಾಗಿ ಅಲ್ಲಿ ಅಪಾಯದ ಸಮಯ ನೀರಿರುವಾಗಲ್ಲ, ನೀರು ಇಳಿದ ಮೊದಲ ವಾರಗಳು. ಗೋಡೆ ಒಳಗೆ ನೀರು ಕುಡಿದು ಭಾರವಾಗಿರುತ್ತದೆ, ಹೊರಗಿನ ನೀರಿನ ಆಸರೆ ಹೋಗಿರುತ್ತದೆ, ಬುಡದ ಮಣ್ಣು ಮೆತ್ತಗಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಭಾಗಗಳು ಕುಸಿದಿವೆ. ಕಮಾನಿನ ಕೆಳಗೆ ನಿಂತು ಫೋಟೊ ಬೇಡ.

ಬೆಲ್ಲ, ಮೊಟ್ಟೆ ಹಾಕಿ ಕಟ್ಟಿದ್ದು ಎಂಬ ಮಾತು ಅಲ್ಲಿ ಖಂಡಿತ ಕೇಳುತ್ತೀರಿ. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಬೆರೆಸುವ ಪದ್ಧತಿ ಇದ್ದದ್ದು ನಿಜ, ಹೆಚ್ಚಾಗಿ ಮೇಲ್ಗಾರೆಗೆ. ನುಣುಪಾಗಿ ಎಳೆಯಲು ಬರುತ್ತದೆ, ಬಿರುಕು ಕಡಿಮೆ. ಆದರೆ ನೂರೈವತ್ತು ವರ್ಷದ ಗೋಡೆಯನ್ನು ಬರಿಗಣ್ಣಿನಿಂದ ನೋಡಿ ಬೆಲ್ಲ ಇದೆ ಇಲ್ಲ ಎನ್ನಲು ಯಾವ ಮೇಸ್ತ್ರಿಗೂ ಆಗದು, ಪ್ರಯೋಗಾಲಯವೇ ಬೇಕು.

ಹೆಂಚಿನಮನೆ

ಕರಾವಳಿಗೆ ಇಳಿಯುತ್ತೀರಲ್ಲ, ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಬಿದ್ದ ಹೆಂಚಿನಲ್ಲೇ ಉಂಟು ಮಾರಾಯ್ರೆ. ಹೆಂಚನ್ನು ಮಗುಚಿ ಒಳಮೈ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದದ್ದು 1865ರಲ್ಲಿ. ಎಲ್ಲರೂ ಎಡವುವುದು ಇಲ್ಲೇ: ಅವರ ಹೆಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. "1865ರ ಮನೆ" ಎಂದು ಹಾಕಿಕೊಂಡ ಬೋರ್ಡುಗಳಲ್ಲಿ ಕೆಲವಕ್ಕಾದರೂ ಇದೇ ಆಧಾರ.

ಮೊದಲ ಮಹಾಯುದ್ಧದಲ್ಲಿ ಮಿಷನ್‌ನ ಉದ್ದಿಮೆಗಳು ಸರ್ಕಾರದ ವಶವಾಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಕಾಮನ್‌ವೆಲ್ತ್ ಮುದ್ರೆ ಸಿಕ್ಕರೆ ಆ ಹೆಂಚು ಯುದ್ಧದ ನಂತರದ್ದು. ಆದರೆ ಹೆಂಚು ಹೇಳುವುದು ಮಾಡಿನ ವಯಸ್ಸು, ಗೋಡೆಯದಲ್ಲ. ಮುಳಿಹುಲ್ಲು ಅಥವಾ ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದೆಸಿದ ಮನೆಗಳು ಎಷ್ಟೋ. ಗೋಡೆಯ ತಲೆಯಲ್ಲಿ ಹಳೆಯ ಪಕಾಸಿ (ಮಾಡು ಹೊರುವ ಇಳಿಜಾರು ಮರ) ಕೂತಿದ್ದ ಖಾಲಿ ಗುಳಿಗಳು ಈಗಿನ ಪಕಾಸಿಗೆ ಹೊಂದದೆ ಬೇರೆ ಅಂತರದಲ್ಲಿದ್ದರೆ, ಮಾಡು ಒಮ್ಮೆ ಬದಲಾಗಿದೆ ಎಂದೇ ಅರ್ಥ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹೆಂಚು ಇದ್ದರೆ ಒಡೆದಾಗೊಮ್ಮೆ ತಂದು ತುಂಬಿಸಿದ್ದು. ಹೆಚ್ಚು ಸಂಖ್ಯೆಯಲ್ಲಿ ಯಾವುದಿದೆ, ಮಾಡಿನ ತುದಿಯ ಸಾಲಿನಲ್ಲಿ ಯಾವುದಿದೆ ನೋಡಿ.

ನೋಡಿದ ಹೆಂಚನ್ನು ಅಲ್ಲೇ ಇಟ್ಟು ಬನ್ನಿ. ಚಿತ್ರ ಸಾಕು, ಮಗ್ಗುಲಲ್ಲಿ ಒಂದು ಅಡಿಪಟ್ಟಿ ಇಟ್ಟು ತೆಗೆಯಿರಿ.

ಗಾರೆಮೇಸ್ತ್ರಿ

ಹೆಂಚಿನಮನೆಯವರ ಮಾತಿಗೆ ಸೇರಿಸುತ್ತೇನೆ. ಕಬ್ಬಿಣದ ತೊಲೆ ಇದ್ದರೆ ಅದರ ನಡುಪಟ್ಟಿಯ ಮೇಲೆ ಉಬ್ಬು ಅಕ್ಷರ ಹುಡುಕಿ. ಡಾರ್ಮನ್ ಲಾಂಗ್ ಎಂದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಟಾಟಾ ಎಂದಿದ್ದರೆ 1912ರ ನಂತರವೇ, ಜಮ್‌ಷೆಡ್‌ಪುರದಲ್ಲಿ ಉಕ್ಕು ತಯಾರಾಗತೊಡಗಿದ್ದು ಆಗ. ವಿದ್ಯುತ್ ಸಾಮಾನು ಇನ್ನೊಂದು ಸುಳಿವು. ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹೋದದ್ದು 1902, ಬೆಂಗಳೂರಿಗೆ ಬಂದದ್ದು 1905. ಸಣ್ಣ ಊರುಗಳಿಗೆ ಎಷ್ಟೋ ತಡ. ಮರದ ಪಟ್ಟಿಯ ಮೇಲೆ ಎಳೆದ ವೈರು, ಕಪ್ಪು ಬೇಕಲೈಟ್ ಸ್ವಿಚ್ಚು ಇದ್ದರೆ ಕಟ್ಟಡ ಹಳೆಯದೇ ಆಗಿರಬಹುದು, ಆದರೆ ಆ ಕಾಲದವರೆಗೂ ಅಲ್ಲಿ ಕಾಸು ಖರ್ಚು ಮಾಡುವವರು ವಾಸವಿದ್ದರು ಎಂಬುದಂತೂ ಖಚಿತ.

ಗಾರೆಯಲ್ಲಿ ಸುಣ್ಣವೋ ಸಿಮೆಂಟೋ? ಗೋಡೆಯನ್ನು ಕೆರೆಯಬೇಡಿ, ನೆಲಕ್ಕೆ ಬಿದ್ದ ಚೂರು ತೆಗೆದುಕೊಳ್ಳಿ. ಸುಣ್ಣದ್ದಾದರೆ ಮಾಸಲು ಬಿಳುಪು, ನಡುನಡುವೆ ಅರಳದ ಸುಣ್ಣದ ಬಿಳಿ ಗಂಟು, ಉಗುರಿಗೋ ಮೊಳೆಗೋ ಉದುರುತ್ತದೆ. ಸಿಮೆಂಟ್ ಬೂದುಬಣ್ಣ, ಗಟ್ಟಿ, ಒಡೆದರೆ ಜೊತೆಗೆ ಇಟ್ಟಿಗೆಯನ್ನೂ ಕಿತ್ತುಕೊಂಡು ಬಂದಿರುತ್ತದೆ. ಸುಣ್ಣದ ಗೋಡೆಗೆ ಮೇಲಿಂದ ಸಿಮೆಂಟ್ ಬಳಿದ ಕಡೆ ಬೆರಳಿನಿಂದ ತಟ್ಟಿದರೆ ಡಬ್ ಡಬ್ ಎನ್ನುತ್ತದೆ. ಹಿಂದೆ ತೇವ ಹೊರಬರಲಾಗದೆ ಇಟ್ಟಿಗೆ ಪುಡಿಯಾಗಿ ನಿಂತಿದೆ ಎಂದರ್ಥ. ಹೊರಗಿನಿಂದ ಬಲವಾಗಿ ಕಾಣುವ ಈ ಗೋಡೆ ಬಿರುಕು ಬಿಟ್ಟ ಬೆತ್ತಲೆ ಗೋಡೆಗಿಂತ ಮೋಸದ್ದು.

ಕೆಂಪುನೆಲ

ಕೆಂಪು ಆಕ್ಸೈಡ್ ನೆಲ ಇದ್ದರೆ 1900ಕ್ಕಿಂತ ಹಿಂದಿನ ಮನೆ ಅಲ್ಲ ಎನ್ನಬಹುದೇ?

ಗಾರೆಮೇಸ್ತ್ರಿ

ನೆಲ ಆ ಕಾಲದ್ದಲ್ಲ ಎನ್ನಬಹುದು, ಮನೆ ಅಲ್ಲ ಎನ್ನಲು ಬರುವುದಿಲ್ಲ. ಸಗಣಿ ಸಾರಿಸಿದ ನೆಲ ಎತ್ತಿ ಆಮೇಲೆ ಆಕ್ಸೈಡ್ ಹಾಕಿಸಿದವರೇ ಜಾಸ್ತಿ. ಹೊಸ್ತಿಲು ನೋಡಿ: ನೆಲ ಏರಿ ಹೊಸ್ತಿಲಿನ ಎತ್ತರ ತೀರಾ ಕಡಿಮೆಯಾಗಿದ್ದರೆ, ಕಂಬದ ಬುಡದ ಕೆತ್ತನೆ ಅರ್ಧ ಹೂತಿದ್ದರೆ, ನೆಲ ಆಮೇಲಿನದು.

ವಾಡೆಗುಮ್ಮಟ

ನಮ್ಮ ಉತ್ತರದ ಕಡೆ ಮಾಳಿಗಿ ಮನಿಗೆ ಹೆಂಚಿನ ಲೆಕ್ಕ ನಡೆಯಂಗಿಲ್ಲ ನೋಡ್ರಿ. ಈ ಎಳೆ ಓದಿದವರು ಬಿಜಾಪುರ, ಬಾಗಲಕೋಟಿ, ಗದಗ ಕಡೆ ಬಂದಾಗ ಹಾಳು ವಾಡೇದಾಗ (ಹಳೇ ದೊಡ್ಡ ಮನಿಯಾಗ) ಹೊಕ್ಕರೆ ಗೊತ್ತಿರಲಿ ಅಂತ ಬರೀತೀನಿ.

ಜಂತಿ ಮ್ಯಾಲೆ ಹಲಗಿ ಅಥವಾ ಕಟ್ಟಿಗಿ, ಅದರ ಮ್ಯಾಲೆ ಸುಮಾರು ಒಂದಡಿ ಮಣ್ಣು. ಹತ್ತಡಿ ಚೌಕದ ಒಂದು ಖೋಲಿ ಅಂದ್ರ ಹಸಿ ಮಣ್ಣು 5 ಟನ್ ಹತ್ರ ತಲಿ ಮ್ಯಾಲೆ ಕೂತಿರ್ತದ. ಜನ ಇರೋತನಕ ಪ್ರತಿ ವರ್ಷ ಮಳಿಗಿಂತ ಮೊದಲ ಮಾಳಿಗಿ ಮ್ಯಾಲೆ ಹೊಸ ಮಣ್ಣು ಹಾಕಿ ಬಡೀತಾರ, ಹುಲ್ಲು ಕೀಳ್ತಾರ. ಮನಿ ಬಿಟ್ಟ ಎರಡು ಮೂರು ಮಳೆಗಾಲಕ್ಕ ಹುಲ್ಲಿನ ಬೇರಿನ ಗುಂಟ ನೀರು ಇಳೀತದ, ಜಂತಿಯ ತುದಿ ಗ್ವಾಡಿಯೊಳಗ ಕೊಳೀತದ. ನಡುವ ನೋಡಿದರ ಜಂತಿ ಛಲೋ ಕಾಣ್ತದ, ಮುರಿಯೋದು ಗ್ವಾಡಿಗಿ ಸೇರೋ ಜಾಗದಾಗ. ಅದಕ್ಕ ಬ್ಯಾಟರಿ ಹಾಕಿ ತುದಿ ನೋಡ್ರಿ: ಕಪ್ಪು ಕಲಿ, ಗೆದ್ದಲ ಮಣ್ಣಿನ ಕೊಳವಿ, ಕೆಳಗ ನೆಲದ ಮ್ಯಾಲೆ ಮರದ ಪುಡಿ. ಇದರಾಗ ಒಂದು ಕಂಡ್ರೂ ಹೊರಗ.

ಎಲ್ಲಕ್ಕಿಂತ ದೊಡ್ಡ ಅಪಾಯ ಹಗೇವು. ಮನಿ ಮುಂದ ಅಥವಾ ಓಣ್ಯಾಗ ನೆಲದಾಗ ತೋಡಿದ ಜ್ವಾಳದ ಕಣಜ. ಬಾಯಿ ಒಬ್ಬ ಮನಷ್ಯಾ ಇಳಿಯೋ ಅಷ್ಟು ಸಣ್ಣದು, ಒಳಗ ಗಡಿಗಿ ಹಂಗ ಅಗಲ. ಮ್ಯಾಲೆ ಕಲ್ಲು ಮುಚ್ಚಿ ಮಣ್ಣು ಎಳೆದಿರ್ತಾರ, ಕಲ್ಲು ಸರಿದಿದ್ರ ಗೊತ್ತಾಗಂಗಿಲ್ಲ. ಒಳಗ ಕಾಳು ಕೊಳೆತು ಇಂಗಾಲದ ಡೈ ಆಕ್ಸೈಡ್ ತುಂಬಿರ್ತದ, ಆಮ್ಲಜನಕ ಇರಂಗಿಲ್ಲ. ಬಿದ್ದವನ್ನ ಎತ್ತಾಕ ಇಳಿದವನೂ ಹೋಗ್ತಾನ. ಯಾರಾದ್ರೂ ಬಿದ್ದರ ಇಳೀಬ್ಯಾಡ್ರಿ, ಅಗ್ನಿಶಾಮಕದವರಿಗೆ 112ಕ್ಕ ಫೋನ್ ಮಾಡ್ರಿ.

ಘಟ್ಟದಹಾದಿ

ಹಗೇವಿನ ವಿಷಯ ಹೊಸದು. ದಕ್ಷಿಣದಲ್ಲಿ ಅದಕ್ಕೆ ಸಮ ಎಂದರೆ ಪಾಳುಬಾವಿ ಇರಬೇಕು?

ಹೆಂಚಿನಮನೆ

ಹೌದು. ತೊಟ್ಟಿಮನೆಯ ಹಿತ್ತಿಲು, ಬಂಗಲೆಯ ಅಡುಗೆಮನೆಯ ಹಿಂಬದಿ. ಕಟ್ಟೆ ಕುಸಿದಿರುತ್ತದೆ, ಲಂಟಾನ ಬಾಯಿ ಮುಚ್ಚಿರುತ್ತದೆ. ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು) ಬಾವಿಯ ಅಂಚು ಒಳಗಿನಿಂದ ಕೊರೆದು ಹೋಗಿ ಮೇಲೆ ತುಟಿ ಮಾತ್ರ ಉಳಿದಿರುತ್ತದೆ, ನೀವು ಬಗ್ಗಿ ನೋಡುವ ಜಾಗವೇ ಅದು. ಅಂಚಿನಿಂದ ಒಂದಾಳುದ್ದ ದೂರ ನಿಲ್ಲಿ.

ಮಾಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಂಗಳೂರು ಹೆಂಚು ಒಂದಕ್ಕೆ ಸುಮಾರು ಎರಡೂವರೆ ಕೆ.ಜಿ., ಚದರ ಮೀಟರಿಗೆ 15ರ ಆಸುಪಾಸು. ಮಧ್ಯಮ ಮನೆಯ ಮೇಲೂ ಎರಡು ಮೂರು ಟನ್ ಕೂತಿರುತ್ತದೆ. ಒಂದು ಹೆಂಚು ಒಡೆದರೆ ನೀರು ಹೆಂಚು ಕೂರುವ ಅಡ್ಡಪಟ್ಟಿ ರೀಪಿಗೆ, ರೀಪು ಕೊಳೆತರೆ ಮೇಲಿನ ಸಾಲು ಜಾರುತ್ತದೆ, ಜಾರಿದ ತೂತಿನಿಂದ ಪಕಾಸಿಗೆ, ಆಮೇಲೆ ಗೋಡೆಯ ತಲೆಗೆ. ಮಣ್ಣಿನ ಗೋಡೆಯಾದರೆ ಅಲ್ಲಿಗೆ ಮುಗಿಯಿತು, ಒಂದೆರಡು ಮಳೆಗಾಲಕ್ಕೆ ಕರಗಿ ದಿಬ್ಬವಾಗುತ್ತದೆ. ಮುರಕಲ್ಲಾದರೆ ಗೋಡೆ ದಶಕಗಟ್ಟಲೆ ನಿಲ್ಲುತ್ತದೆ. ಆದ್ದರಿಂದ ಹೊರಗೆ ನಿಂತೇ ಮಾಡಿನ ಬೆನ್ನನ್ನು ನೋಡಿ: ನೇರ ಗೆರೆಯಾಗಿದ್ದರೆ ಸರಿ, ತೊಟ್ಟಿಲಿನ ಹಾಗೆ ಬಗ್ಗಿದ್ದರೆ ಒಳಗೆ ಹೋಗುವುದೇ ಬೇಡ. ಅಟ್ಟಕ್ಕೆ ಯಾವ ಕಾರಣಕ್ಕೂ ಹತ್ತಬಾರದು.

ಗಾರೆಮೇಸ್ತ್ರಿ

ಗೋಡೆಯ ಮೇಲೆ ಬಿಟ್ಟ ಅಶ್ವತ್ಥ, ಬಸರಿ ಗಿಡದ ಬಗ್ಗೆ ಯಾರೂ ಹೇಳಲಿಲ್ಲ. ಹಕ್ಕಿ ಹಾಕಿದ ಬೀಜ, ಬೇರು ಸುಣ್ಣದ ಸಂದಿನಲ್ಲಿ ಇಳಿದು ಕಲ್ಲನ್ನು ಅಗಲಿಸುತ್ತದೆ. ಆದರೆ ಮರ ದೊಡ್ಡದಾಗಿ ಬೇರು ಗೋಡೆಯನ್ನು ತಬ್ಬಿಕೊಂಡ ಮೇಲೆ ಗೋಡೆ ನಿಂತಿರುವುದೇ ಬೇರಿನ ಆಸರೆಯಿಂದ. ಅಂಥ ಗೋಡೆಗಿಂತ ಭಯ ಹುಟ್ಟಿಸುವುದು ಮರ ಕಡಿದು ಬುಡ ಮಾತ್ರ ಬಿಟ್ಟ ಗೋಡೆ. ಒಳಗಿನ ಬೇರು ಕೊಳೆತು ಟೊಳ್ಳಾಗಿ, ಮರ ಕಡಿದ ಎಷ್ಟೋ ವರ್ಷದ ಮೇಲೆ ಒಂದು ಮಳೆಯಲ್ಲಿ ಕೂರುತ್ತದೆ. ಒಣಗಿದ ಬೇರಿನ ಬಲೆ ಕಂಡ ಗೋಡೆಯಿಂದ, ಗೋಡೆ ಎಷ್ಟು ಎತ್ತರವೋ ಅಷ್ಟಾದರೂ ದೂರವಿರಿ.

ಬಾಗುವಿಕೆಗೆ ಒಂದು ಲೆಕ್ಕ. ಗೋಡೆಯ ತುದಿ ಅದರ ದಪ್ಪದ ಮೂರನೇ ಒಂದು ಭಾಗದಷ್ಟು ಹೊರಬಾಗಿದರೆ ಬುಡದ ಹಿಂಬದಿಯ ಸಂದು ಬಾಯಿ ಬಿಡಲು ಶುರು. ಒಂದೂವರೆ ಅಡಿ ದಪ್ಪದ ಗೋಡೆಗೆ ಅದು 6 ಇಂಚು. ಬಿದ್ದೇ ಬಿಡುತ್ತದೆ ಎಂದಲ್ಲ, ಗಾರೆಯ ಹಿಡಿತದ ಮೇಲೆ ನಿಂತಿದೆ ಎಂದು. ಆ ಗಾರೆ ನೂರು ವರ್ಷದ್ದು. ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಗೋಡೆಗಳು ಮೂಲೆಯಲ್ಲಿ ಒಂದನ್ನೊಂದು ಬಿಟ್ಟು ಹೊರಬಾಗುತ್ತಿವೆ. ಬಿರುಕಿನೊಳಗೆ ಜೇಡರಬಲೆ, ಪಾಚಿ, ಧೂಳು ಇದ್ದರೆ ಹಳೆಯದು. ಒಳಬಣ್ಣ ತಾಜಾ ಇಟ್ಟಿಗೆಯದಾಗಿದ್ದರೆ ಈಗ ಚಲನೆಯಲ್ಲಿದೆ.

ಬೆಳಗಿನಬೆಳಕು

ಬಾವಲಿ, ಜೇನು ಬಗ್ಗೆ ಚುಟುಕಾಗಿ. ಒಣಗಿದ ಬಾವಲಿ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರ ಇರಬಹುದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್-95 ಬೇಕು. ಕಾಲಿನಿಂದ ಧೂಳೆಬ್ಬಿಸಬೇಡಿ. ಕಮಾನಿನ ಅಡಿ ಹೆಜ್ಜೇನು ಇದ್ದರೆ ಸುಗಂಧ, ಬೀಡಿ ಸಿಗರೇಟು, ಡ್ರೋನ್ ಮೂರೂ ಬೇಡ. ಎದ್ದರೆ ಕೈ ಬೀಸದೆ ಮುಖ ಮುಚ್ಚಿ ನೇರ ಓಡಿ ಕಾರಿನೊಳಗೆ. ಕೆರೆಗೆ ಹಾರುವುದು ಪ್ರಯೋಜನವಿಲ್ಲ, ಮೇಲೆ ಕಾಯುತ್ತಿರುತ್ತವೆ. ಒಡೆದ ಕಲ್ನಾರಿನ (ಆಸ್ಬೆಸ್ಟಾಸ್) ಶೀಟನ್ನು ತುಳಿಯಬೇಡಿ, ಮುರಿಯಬೇಡಿ.

ಪಹಣಿಪ್ರಿಯ

ಕಟ್ಟಡ ಪಾಳು ಬಿದ್ದಿದೆ ಎಂದರೆ ವಾರಸುದಾರರಿಲ್ಲ ಎಂದಲ್ಲ. ಕರ್ನಾಟಕದಲ್ಲಿ ಇದನ್ನು ಹತ್ತು ನಿಮಿಷದಲ್ಲಿ ತಿಳಿಯಬಹುದು. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದಲ್ಲಿ ಗುರುತು ಹಾಕಿ, ಸರ್ವೆ ನಂಬರ್ ಬರುತ್ತದೆ. ಭೂಮಿ ಜಾಲತಾಣದಲ್ಲಿ ಆ ನಂಬರಿನ ಪಹಣಿ ನೋಡಿ, 9ನೇ ಕಾಲಂನಲ್ಲಿ ಮಾಲೀಕರ ಹೆಸರು. ಸರ್ಕಾರಿ, ಅರಣ್ಯ ಎಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಊರೊಳಗಿನ ಗ್ರಾಮಠಾಣಾ ಮನೆಗೆ ಪಹಣಿ ಇರುವುದಿಲ್ಲ, ಅದಕ್ಕೆ ಪಂಚಾಯಿತಿಯಲ್ಲಿ ವಿಚಾರಿಸಬೇಕು. ದಾಯಾದಿ ವ್ಯಾಜ್ಯದಲ್ಲಿ ಇರುವ ಮನೆಗಳೇ ಹೆಚ್ಚಾಗಿ ಪಾಳು ಬೀಳುವುದು. ಅಲ್ಲಿ ಒಬ್ಬ ಅಣ್ಣ ಒಪ್ಪಿದರೆ ಇನ್ನೊಬ್ಬ ತಮ್ಮ ಜಗಳಕ್ಕೆ ಬರುತ್ತಾನೆ, ಪಕ್ಕದ ಮನೆಯ ಅಜ್ಜಿಯನ್ನು ಕೇಳಿಕೊಂಡು ಹೋಗುವುದು ಲೇಸು. ಅಪ್ಪಣೆಯಿಲ್ಲದೆ ಹೊಕ್ಕರೆ ಅತಿಕ್ರಮ ಪ್ರವೇಶದ ದೂರು ಬರಬಹುದು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು.

ಹುಡುಕುವುದಕ್ಕೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಳನ್ನು ನೋಡಿ. ಹಳೇ ಡಾಕ್ ಬಂಗಲೆ, ತಪಾಸಣಾ ಬಂಗಲೆ ಎಲ್ಲ ಅದರಲ್ಲಿ ಗುರುತಾಗಿರುತ್ತವೆ. ಈಗಿನ ರಸ್ತೆ ಬಿಟ್ಟು ಹಳೇ ಗಾಡಿದಾರಿ ಹಿಡಿದರೆ ಸಿಗುತ್ತವೆ.

ಕೆಂಪುನೆಲ

ರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೋಗುವಂತಿಲ್ಲ ಅಂತಾರಲ್ಲ?

ಪಹಣಿಪ್ರಿಯ

ಅದು ಕಟ್ಟುವುದಕ್ಕೆ ಇರುವ ನಿಷೇಧ, ನೋಡುವುದಕ್ಕಲ್ಲ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ನಿರ್ಮಾಣ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಹೆಸರು ಕೆತ್ತಿದರೆ ಮಾತ್ರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆಗೆ ಹೋಗುತ್ತೀರಲ್ಲ, 1792ರದ್ದು, ಎಂಟು ಮೂಲೆಯ ನಕ್ಷತ್ರ. ಅದು ನಿಜವಾಗಿಯೂ ಟಿಪ್ಪು ಕಾಲದ್ದು, ಈ ಬಾರಿ ನಂಬಬಹುದು.

ಚಿನ್ನದಗಣಿ

ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ಹೆಸರು ಮೇಲೆ ಬಂತು, ಹಾಗಾಗಿ ಒಂದು ಮಾತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಊರು ಮುಚ್ಚಲಿಲ್ಲ. ಲೈನ್ ಮನೆಗಳಲ್ಲಿ ಸಂಸಾರಗಳಿವೆ, ಬಾಗಿಲಿಗೆ ಕ್ಯಾಮೆರಾ ಹಿಡಿದು "ಭೂತದ ಊರು" ಎಂದು ಹಾಕುವವರನ್ನು ಕಂಡರೆ ಇಲ್ಲಿಯವರಿಗೆ ಆಗುವುದಿಲ್ಲ. ಶಾಫ್ಟ್‌ಗಳ ಬಳಿ ಹೋಗಬೇಡಿ. ಕೆಲವು 3 ಕಿ.ಮೀ. ಆಳದ ಸುರಂಗಕ್ಕೆ ಸೇರಿದವು, ನೀರು ತುಂಬಿವೆ, ಸುತ್ತಲಿನ ನೆಲವೇ ಜಾರಬಹುದು. ಬೂದುಬಿಳಿ ಸೈನೈಡ್ ಗುಡ್ಡಗಳು ಚಿತ್ರಕ್ಕೆ ಚೆಂದ. ಅದು ಚಿನ್ನ ತೆಗೆದು ಬಿಟ್ಟ ಅದಿರಿನ ಹಿಟ್ಟು. ಗಾಳಿ ಬೀಸುವ ದಿನ ಸಿಲಿಕಾ ಧೂಳು ಎದೆಗೆ ಇಳಿಯುತ್ತದೆ. ಗಾಳಿ ಬಂದ ಕಡೆಗೆ ಬೆನ್ನು ಮಾಡಿ ದೂರದಿಂದ ನೋಡಿ.

ಬೆಳಗಿನಬೆಳಕು

ಒಂದು ಬಿನ್ನಹ: ಸಿಕ್ಕ ಜಾಗದ ನಿಖರ ಗುರುತನ್ನು ಇಲ್ಲಿ ಹಾಕಬೇಡಿ. ತಾಲ್ಲೂಕಿನ ಹೆಸರು ಸಾಕು. ನಿಧಿಗಳ್ಳರು ಗರ್ಭಗುಡಿ, ಹೊಸ್ತಿಲು ಅಗೆಯುವುದು, ಕೆತ್ತನೆಯ ಬಾಗಿಲು ಕಂಬ ಕಿತ್ತು ಮಾರುವುದು ನಿಂತಿಲ್ಲ.

ಮುಳುಗಡೆಸೀಮೆ

ಒಪ್ಪುವುದಿಲ್ಲ. ನಿಧಿ ಅಗೆಯುವವನಿಗೆ ನಮ್ಮ ಎಳೆ ಬೇಕಾಗಿಲ್ಲ, ಅವನು ಆ ಊರಿನವನನ್ನೇ ಹಿಡಿದಿರುತ್ತಾನೆ. ಗುರುತು ಇಲ್ಲದ ಚಿತ್ರ ಹತ್ತು ವರ್ಷದ ಮೇಲೆ ಯಾರ ಉಪಯೋಗಕ್ಕೂ ಬಾರದು. ಕಟ್ಟಡ ಬಿದ್ದ ಮೇಲೆ ಅದು ಎಲ್ಲಿತ್ತು ಎಂದೂ ತಿಳಿಯದು.

ಬೆಳಗಿನಬೆಳಕು

ದಾಖಲಿಸಿ, ನಿರ್ದೇಶಾಂಕ ನಿಮ್ಮ ಬಳಿ ಇಡಿ, ರಾಜ್ಯ ಪುರಾತತ್ತ್ವ ಇಲಾಖೆಗೆ ಪತ್ರದಲ್ಲಿ ಕೊಡಿ. ಚಿತ್ರ ಹಾಕುವಾಗ ಫೈಲಿನೊಳಗಿನ ಸ್ಥಳದ ಮಾಹಿತಿ ಅಳಿಸಿ. ಶೆಟ್ಟಿಹಳ್ಳಿಯಂಥ ಎಲ್ಲರಿಗೂ ಗೊತ್ತಿರುವ ಜಾಗಕ್ಕೆ ಇದು ಅನ್ವಯಿಸದು.

ಮುಳುಗಡೆಸೀಮೆ

ಪತ್ರಕ್ಕೆ ಉತ್ತರ ಬರುವ ಹೊತ್ತಿಗೆ ಮಾಡು ಇರುವುದಿಲ್ಲ. ಇರಲಿ, ಬಾಗಿಲು ಕಂಬ ಇನ್ನೂ ಉಳಿದಿರುವ ಕಟ್ಟಡಕ್ಕೆ ನಿಮ್ಮ ಮಾತು, ಬರೀ ಗೋಡೆ ಉಳಿದದ್ದಕ್ಕೆ ನನ್ನದು.

ಘಟ್ಟದಹಾದಿ

ಪಟ್ಟಿ ಹೀಗಾಯಿತು: ಐದಡಿ ಕೋಲು, ಎರಡು ಬ್ಯಾಟರಿ, ಎನ್-95, ದಪ್ಪ ಅಟ್ಟೆಯ ಬೂಟು, ಅಡಿಪಟ್ಟಿ, ತೂಗುಗುಂಡು (ನೇರ ನೋಡಲು ದಾರಕ್ಕೆ ಕಟ್ಟಿದ ಗುಂಡು). ಕೊನೆಯ ಪ್ರಶ್ನೆ. ಬಾಗಿದ ಗೋಡೆಯ ಬುಡಕ್ಕೆ ಹೋಗದೆ 6 ಇಂಚು ಅಳೆಯುವುದು ಹೇಗೆ?

ಗಾರೆಮೇಸ್ತ್ರಿ

ಗೋಡೆಯ ಮುಂದೆ ಅಲ್ಲ, ಅದರ ತುದಿಯ ನೇರಕ್ಕೆ, ಅಂದರೆ ದಪ್ಪ ಕಾಣುವ ಮಗ್ಗುಲಿಗೆ ದೂರ ನಿಲ್ಲಿ. ತೂಗುಗುಂಡಿನ ದಾರವನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ದಾರವನ್ನು ಗೋಡೆಯ ಬುಡದ ಹೊರ ಅಂಚಿಗೆ ಹೊಂದಿಸಿ. ಮೇಲ್ತುದಿ ದಾರ ದಾಟಿ ಎಷ್ಟು ಹೊರಬಂದಿದೆ ನೋಡಿ, ಅದನ್ನು ಕಾಣುವ ಗೋಡೆಯ ದಪ್ಪದ ಜೊತೆಗೇ ಹೋಲಿಸಿ. ಇಂಚು ಬೇಕಿಲ್ಲ, ಮೂರನೇ ಒಂದು ದಾಟಿದೆಯೋ ಇಲ್ಲವೋ ಅಷ್ಟೇ. ಗಾಳಿ ಇದ್ದರೆ ಗುಂಡು ಓಲಾಡುತ್ತದೆ, ಬೆಳಿಗ್ಗೆ ಮಾಡಿ. ತೂಗುಗುಂಡು ಸಿಗದಿದ್ದರೆ ದಾರಕ್ಕೆ ಕಾರಿನ ಬೀಗದಕೈ ಕಟ್ಟಿದರೂ ನಡೆಯುತ್ತದೆ.